ರುದ್ರೇಶ್ ಹೆಸರಿನ ರಕ್ತ

ದಬ್ಬೇಘಟ್ಟ
೧೪-೭-೨೦೨೪

ಪ್ರೀತಿಯ ಸೌಂದರ್ಯಕ್ಕನಿಗೆ ತಂಗಿ ಸಿಂಧುವಿನ ಶರಣು.

ಕಾಗದ ತಡವಾಯಿತು, ಬೈಯಬೇಡ. ಫೋನಿನಲ್ಲಿ ಹೇಳೋಣವೆಂದರೆ ನಮ್ಮತ್ತೆ ಸುವರ್ಣಮ್ಮನವರ ಕಿವಿ ಸದಾ ಪಕ್ಕದಲ್ಲೇ ಇರುತ್ತದೆ. ಇದನ್ನು ಓದಿ ಹರಿದುಹಾಕು.

ನಮ್ಮ ಮಗಳು ಪುಟ್ಟಿಯನ್ನು ಕೊಂಡೊಯ್ದ ಆ ರಕ್ತದ ಕಾಯಿಲೆ ತಲಸೀಮಿಯಾ, ಹೊಟ್ಟೆಯಲ್ಲಿರುವ ಈ ಮಗುವಿಗೂ ಇದೆಯೇ ಎಂದು ನೋಡಲು ಗರ್ಭದ ನೀರು ತೆಗೆದರಲ್ಲ, ಜೊತೆಗೆ ನಮ್ಮಿಬ್ಬರ ರಕ್ತವೂ ಬೇಕಿತ್ತು. ಅಪ್ಪ ಅಮ್ಮ ಎರಡೂ ಕಡೆಯಿಂದ ಬಂದರೇ ಬರುವ ಕಾಯಿಲೆಯಂತೆ. ನಾನು ಆಸ್ಪತ್ರೆಯಲ್ಲೇ ಕೊಟ್ಟೆ. ಇವರು ಕೊಬ್ಬರಿ ಹರಾಜಿಗೆ ತಿಪಟೂರಿಗೆ ಹೋದಾಗ ಅಲ್ಲಿನ ಲ್ಯಾಬಿನಲ್ಲಿ ಕೊಟ್ಟೆನೆಂದರು. ಕಳೆದ ವಾರ ಡಾಕ್ಟರು ಫೋನ್ ಮಾಡಿ, "ತಂದೆಯ ಸ್ಯಾಂಪಲ್ ಮಗುವಿನದಕ್ಕೆ ಹೊಂದುತ್ತಿಲ್ಲ. ಬೇಗ ಇನ್ನೊಮ್ಮೆ ಕೊಡಿ, ದಿನ ಮೀರುತ್ತಿದೆ" ಎಂದರು.

"ಹೊಂದ್ತಿಲ್ಲ ಅಂದ್ರೇನ್ಲಾ ರುದ್ರೇಶ? ಹಂಗಾದ್ರೆ ಮಗು ಯಾರ್ದು?" ಅತ್ತೆ ನನ್ನೆದುರಿಗೇ ಕೇಳಿದರು. ಇವರು ತಲೆ ತಗ್ಗಿಸಿ ಉಣ್ಣುತ್ತಾ ಕೂತರು.

ಕುಂಬಳಕಾಯಿ ಕಳ್ಳ ಎಂದರೆ ಕದಿಯದ ನಾನೇ ಹೆಗಲು ಮುಟ್ಟಿಕೊಳ್ಳುವಂತಾಯಿತು ಅಕ್ಕ. ಸೀಸೆಯ ರಕ್ತ ಬಿಸಿಲಿಗೆ ಕೆಟ್ಟಿತೇ? ಲ್ಯಾಬಿನವನು ಅದಲುಬದಲು ಮಾಡಿದನೇ? ಇಲ್ಲಾ ಅತ್ತೆಯೇ ಯಾರಿಗಾದರೂ ಹೇಳಿ ಏನಾದರೂ ಮಾಡಿಸಿದರೇ? ಅವರಂತೂ ನನ್ನನ್ನು ಒಲೆಯ ಹತ್ತಿರವೂ ಬಿಡಲಿಲ್ಲ. ಯಾರನ್ನು ನೋಡಿದರೂ ಅನುಮಾನ, ಅಳು.

ಮೊನ್ನೆ ಅಟ್ಟದಿಂದ ಇಳಿಸಿದ ಕಾಯಿ ಸುಲಿಯುತ್ತಾ ಮೈದುನ ಜ್ಞಾನೇಶ್ ತನ್ನ ಪಾಡಿಗೆ ಕೇಳಿದ: "ಅಣ್ಣಾ, ಈ ಸಲಾನೂ ರಕ್ತ ಕೊಡಕ್ಕೆ ನಾನೇ ಹೋಗ್ಲಾ?"

"ನೀನ್ಯಾಕ್ಲಾ?" ಎಂದರು ಅತ್ತೆ.

"ಅಣ್ಣಂಗೆ ಸೂಜಿ ಕಂಡ್ರೆ ಆಗಕ್ಕಿಲ್ವಂತೆ. ಅವ್ನ ಹೆಸ್ರು ಹೇಳಿ ನಾನೇ ಕೊಟ್ಟೆ. ಒಂದೇ ಹೊಟ್ಟೇಲಿ ಹುಟ್ಟಿದೋರ ರಕ್ತ ಒಂದೇ ಅಲ್ವೇನವ್ವ?"

ಅತ್ತೆ ಒಳಗೆ ಹೋಗಿ, ನನಗೊಂದು ಲೋಟ ಹಾಲು ತಂದುಕೊಟ್ಟರು.

ನಿನ್ನೆ ಇವರನ್ನು ನಾನೇ ಕರೆದೊಯ್ದು, ರಕ್ತ ತೆಗೆದು ಹೆಸರು ಅಂಟಿಸುವವರೆಗೂ ಪಕ್ಕದಲ್ಲೇ ನಿಂತಿದ್ದೆ. ರಿಪೋರ್ಟು ಇನ್ನೂ ಬರಬೇಕು. ಮಗುವಿಗೆ ಏನೂ ಇಲ್ಲದಿರಲೆಂದು ನೀನೂ ಬೇಡಿಕೋ. ನಿನ್ನ ಮಕ್ಕಳಿಗೆ ನನ್ನ ಮುತ್ತು. ಶಿವ ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ನಿನ್ನ
ಸಿಂಧು

ಮರೆತಿದ್ದೆ: ಸೂಜಿ ಚುಚ್ಚಿದಾಗ ಇವರು ಕಣ್ಣೂ ಮಿಟುಕಿಸಲಿಲ್ಲ. ಮತ್ತೆ ಜ್ಞಾನೇಶನನ್ನು ಯಾಕೆ ಕಳಿಸಿದಿರಿ ಎಂದು ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದೆ. "ಪುಟ್ಟಿ ಹೋದಾಗ ಕಾಯ್ಲೆ ನಿಮ್ ಮನೆ ಕಡೇದು ಅಂತ ಅವ್ವಂಗೆ ಹೇಳ್ಬಿಟ್ಟಿದ್ದೆ ಕಣೇ. ಈಗ ನನ್ ರಕ್ತದಲ್ಲೂ ಐತೆ ಅಂತ ಬಂದ್ರೆ ಅವ್ವಂಗೆ ಹೆಂಗ್ ಮುಖ ತೋರ್ಸ್ಲಿ?" ಎಂದರು. ಅತ್ತೆ "ಮಗು ಯಾರ್ದು" ಎಂದಾಗ ಉತ್ತರ ಇವರ ಬಾಯಲ್ಲೇ ಇತ್ತಕ್ಕ. ಅನ್ನದ ಜೊತೆ ನುಂಗಿಕೊಂಡು, ಇನ್ನಷ್ಟು ಸಾರು ಬಡಿಸು ಎಂದು ನನಗೆ ತಟ್ಟೆ ಚಾಚಿದರು.