ಬೆರಳು ತೋರಿಸದ ಹುಡುಗಿ

ಹಲಸೂರು
೧೨-೩-೧೯೪೪

ಮಾನ್ಯ ಹೆಡ್‌ಮಾಸ್ಟರ್ ಅವರಿಗೆ ಮುನಿಶಾಮಿಯ ನಮಸ್ಕಾರಗಳು.

ನನ್ನ ಮೊಮ್ಮಗಳು ಪಿಳ್ಳಮ್ಮನನ್ನು ಇಂಗ್ಲಿಷಿನಲ್ಲಿ ಫೇಲು ಮಾಡಿ ಅದೇ ತರಗತಿಯಲ್ಲಿ ಉಳಿಸಿದ್ದೀರಿ. ‘ಐ, ಯೂ, ಹೀ, ಷೀ’ ಎನ್ನುತ್ತಾ ಒಬ್ಬೊಬ್ಬರತ್ತ ಬೆರಳು ತೋರಿಸಬೇಕಿತ್ತಂತೆ. ‘ಹೀ’ ಎನ್ನಲು ಎದುರಿಗಿದ್ದವರು ಸ್ಕೂಲ್ ಇನ್‌ಸ್ಪೆಕ್ಟರ್ ಸಾಹೇಬರು. ಅವಳು ಕೈಕಟ್ಟಿ ಸುಮ್ಮನೆ ನಿಂತುಬಿಟ್ಟಳು.

ಏಕೆಂದು ಕೇಳಿದರೆ, “ದೊಡ್ಡೋರಿಗೆ ಬೆರಳು ತೋರಿಸ್ಬಾರ್ದು ಅಂತ ಏಟು ಕೊಟ್ಟಿದ್ದು ನೀವೇ ತಾನೆ, ತಾತ?” ಎಂದಳು.

ಪಾಠ ಅವಳಿಗೆ ಚೆನ್ನಾಗಿ ಬರುತ್ತದೆ. ಮನೆಯಲ್ಲಿ ಹುಣಸೆಬೀಜಗಳನ್ನು ಸಾಲಾಗಿ ಕೂರಿಸಿ, ಒಂದೊಂದನ್ನೂ ಮುಟ್ಟಿ ತಪ್ಪಿಲ್ಲದೆ ಹೇಳುತ್ತಾಳೆ.

ದಯವಿಟ್ಟು ಇನ್ನೊಮ್ಮೆ ಪರೀಕ್ಷಿಸಿ. ನಾಳೆ ಬೆಳಿಗ್ಗೆ ಅವಳೊಂದಿಗೆ ಬರುತ್ತೇನೆ. ಇನ್‌ಸ್ಪೆಕ್ಟರರ ಜಾಗದಲ್ಲಿ ನಾನು ನಿಲ್ಲುತ್ತೇನೆ. ನನ್ನತ್ತ ಬೆರಳು ತೋರಿಸಲು ಅವಳಿಗೆ ಅಪ್ಪಣೆ ಕೊಟ್ಟಿದ್ದೇನೆ.

ಗೌರವದಿಂದ,
ಮುನಿಶಾಮಿ
(ಪಿಳ್ಳಮ್ಮನ ತಾತ)