ದ್ಯಾಮವ್ವನ ಭುಜಕ್ಕೆ ಬೆಲ್ಲ ಹಚ್ಚಿದ ವರ್ಷ

ಪ್ಲವಂಗ ಸಂವತ್ಸರ, ಚೈತ್ರ ಶುದ್ಧ ಬಿದಿಗೆ
ಕ್ರಿ.ಶ. ೨೩೨೭
ಎಂಟನೆಯ ತೆಪ್ಪವಾಡಿ, ಕೃಷ್ಣೆಯ ಮೇಲೆ

ಶಾವಂತ್ರೆವ್ವಾಯಿಗೆ, ನಿನ್ನ ಹನ್ನೆರಡನೆಯ ತಲೆಮಾರಿನ ಬಾಳವ್ವ ಮಾಡುವ ಶಿರಸಾಷ್ಟಾಂಗ ನಮಸ್ಕಾರ.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡ, ಆಯಿ. ನಿನಗೀಗ ಇಪ್ಪತ್ತೊಂಬತ್ತು, ನನಗೆ ಐವತ್ತೆಂಟು. ವಯಸ್ಸು ನೋಡಿದರೆ ನೀನೇ ನನ್ನ ಕಾಲಿಗೆ ಬೀಳಬೇಕು. ಆದರೂ ನೀನು ಆಯಿ, ನಾನು ಮೊಮ್ಮಗಳು. ನನ್ನ ಮಾತುಗಳಲ್ಲಿ ಕೆಲವು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸು. ಇಷ್ಟು ವರ್ಷ ನೀರ ಮೇಲೆ ತೇಲಿದ ಕನ್ನಡ ಸ್ವಲ್ಪ ನೆನೆದಿರುತ್ತದೆ. ಈ ಕಾಗದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಯುಗಾದಿಯ ಮರುದಿನ ಪ್ರತಿ ಮನೆಯಿಂದ ಒಬ್ಬರು ತಮ್ಮ ಹಿಂದಿನವರೊಬ್ಬರಿಗೆ ಕಾಗದ ಬರೆದು ದೇವರ ಪಾದದಲ್ಲಿ ಇಡುವುದು ಇಲ್ಲಿಯ ಪದ್ಧತಿ. ತಲುಪುವುದಿಲ್ಲವೆಂದು ಗೊತ್ತು. ಉಪಕಾರ ನೆನೆಯುವುದಕ್ಕೆ ವಿಳಾಸ ಬೇಕೇ ಬೇಕೆಂದು ಯಾರೂ ಹೇಳಿಲ್ಲವಲ್ಲ.

ತೆಪ್ಪವಾಡಿ ಎಂದರೆ ತೇಲುವ ಊರು. ಮೂವತ್ತನಾಲ್ಕು ಮನೆ, ಒಂದೊಂದೂ ಒಂದೊಂದು ತೆಪ್ಪದ ಮೇಲೆ. ಎಲ್ಲವನ್ನೂ ಹಗ್ಗದಿಂದ ಬಿಗಿದು ದಂಡೆಯ ಗೂಟಗಳಿಗೆ ಕಟ್ಟಿರುತ್ತೇವೆ. ಈ ವರ್ಷ ನೀನು ಬಿಡಬೇಕಾಗಿರುವ ಊರಿನ ಮೇಲೆ ನಿಲ್ಲುವ ಅಣೆಕಟ್ಟಿನ ನೀರು ನಿನ್ನ ಕಾಲಕ್ಕೇ ಸುಮ್ಮನಾಗಲಿಲ್ಲ. ಹಿಗ್ಗುತ್ತ ಕುಗ್ಗುತ್ತ ಕೊನೆಗೆ ನಮ್ಮನ್ನು ನೆಲವನ್ನೇ ಬಿಡಿಸಿತು. ಹಾಗೆಂದು ಮರುಗಬೇಡ. ಜೋಳ ತೆಪ್ಪದ ಮೇಲೆಯೇ ಬೆಳೆಯುತ್ತದೆ, ರೊಟ್ಟಿ ಈಗಲೂ ಬಡಿದೇ ಮಾಡುತ್ತೇವೆ. ಊರಿಗೆಲ್ಲ ಒಂದೇ ಬೇವಿನ ಗಿಡ, ದೊಡ್ಡ ಮಣ್ಣಿನ ಹರವಿಯಲ್ಲಿ ನೆಟ್ಟಿದ್ದು. ಯುಗಾದಿಗೆ ಮನೆಗೆ ಐದೇ ಎಲೆ. ಕಹಿಗೂ ಪಾಳಿ ಹಚ್ಚಿದ ಜನ ನಾವು. ನೀರುಗನ್ನಡಿ ಎಂಬ ಯಂತ್ರವೊಂದಿದೆ, ಮುಂದಿನ ನಲವತ್ತು ದಿನದ ನೀರಿನ ಏರಿಳಿತವನ್ನು ಗೆರೆ ಎಳೆದು ತೋರಿಸುತ್ತದೆ. ನನ್ನದು ಹಗ್ಗದಾಕೆ ಎಂಬ ಹುದ್ದೆ. ಊರು ಜಾಗ ಬದಲಿಸುವಾಗ ಮೊದಲ ಹಗ್ಗ ನಾನು ಬಿಚ್ಚಬೇಕು, ಎಲ್ಲಿಗೆಂದು ನಾನೇ ಹೇಳಬೇಕು.

ಹೋದ ಯುಗಾದಿ ಪರಾಭವ ಸಂವತ್ಸರದ್ದು. ನೀನು ಈಗ ಕಾಲಿಡುತ್ತಿರುವುದೂ ಪರಾಭವವೇ, ಅರವತ್ತು ವರ್ಷದ ಐದು ಸುತ್ತು ಹಿಂದಿನದು. ಹೆಸರಿನಲ್ಲೇ ಸೋಲು ಹೊತ್ತ ವರ್ಷಕ್ಕೆ ಬೇವು ಬೇರೆ ಯಾಕೆಂದು ಹೆಂಗಸರು ನಗಾಡುತ್ತಿದ್ದರು. ನನಗೆ ನಗು ಬರಲಿಲ್ಲ. ಅವತ್ತು ಬೆಳಿಗ್ಗೆ ನೀರುಗನ್ನಡಿ ಗೆರೆಯನ್ನೇ ಎಳೆಯದೆ ಬೆಳ್ಳಗೆ ಕೂತಿತ್ತು. ಹಾಗೆ ಹಿಂದೆಂದೂ ಆಗಿರಲಿಲ್ಲ. ನಮ್ಮ ಗೂಟಗಳು ಲಡ್ಡಾಗಿ ಅಲ್ಲಾಡುತ್ತಿದ್ದವು. ಹೊಳೆ ತಿರುವು ತೆಗೆದುಕೊಳ್ಳುವ ಪಡುವಣ ಬಾಗಿಗೆ ಹೋದರೆ ಗಟ್ಟಿ ದಂಡೆಯಿದೆ, ಹೆರಿಗೆಮನೆಯಿದೆ. ಆದರೆ ದಾರಿ ಇಪ್ಪತ್ತು ದಿನದ್ದು, ನಡುವೆ ಸೆಳವು. ನನ್ನ ಮಗಳು ಗುರವ್ವನಿಗೆ ಆಗ ಏಳು ತಿಂಗಳು. ಹಿಂದಿನ ಎರಡು ಬಸಿರೂ ಉಳಿದಿರಲಿಲ್ಲ. ಮೂವತ್ತನಾಲ್ಕು ಮನೆಗೆ ದಾರಿ ಹೇಳಬೇಕಾದವಳು ನಾನು ಒಂದೇ ಹೊಟ್ಟೆಯನ್ನು ನೋಡುತ್ತ ಕೂತಿದ್ದೆ.

ಕೊನೆಗೆ ದ್ಯಾಮವ್ವನಿಗೆ ಹೂ ಹಚ್ಚಿ ಕೇಳುವುದೆಂದಾಯಿತು. ಮೊಳದೆತ್ತರದ ಆ ಕಲ್ಲಿನ ದೇವಿ ನಿನ್ನವಳೇ, ಎಡಗಿವಿಯ ಚೂರು ಹಾರಿದ್ದು ಹಾಗೆಯೇ ಇದೆ. ಕ್ರಮವೂ ನಿನ್ನದೇ. ಎರಡೂ ಭುಜಕ್ಕೆ ನೀರು ಸವರಿ ಕಣಗಿಲೆಯ ಎಸಳು ಅಂಟಿಸುವುದು. ಬಲದ್ದು ಬಿದ್ದರೆ ಹೋಗು, ಎಡದ್ದು ಬಿದ್ದರೆ ಇರು. ನನಗೆ ಹೋಗಬೇಕಿತ್ತು. ಎಡದ್ದು ಎಲ್ಲಿ ಬಿದ್ದುಬಿಡುತ್ತದೋ ಎಂಬ ಹೆದರಿಕೆಯಲ್ಲಿ, ಯಾರೂ ನೋಡದಾಗ, ಎಡಭುಜಕ್ಕೆ ಬೇವುಬೆಲ್ಲದ ಪಾಕ ಸವರಿಬಿಟ್ಟೆ. ಅದೇ ಅಂಟುಗೈಯಲ್ಲಿ ಬಲದ್ದನ್ನೂ ಹಚ್ಚಿದ್ದು ತಲೆಗೆ ಹೊಳೆಯಲೇ ಇಲ್ಲ.

ಊರೆಲ್ಲ ಕೈಮುಗಿದು ಕೂತಿತು. ಮಧ್ಯಾಹ್ನವಾದರೂ ಎರಡೂ ಎಸಳು ಅಲ್ಲಾಡಲಿಲ್ಲ. ದೇವಿ ಮುನಿದಿದ್ದಾಳೆಂದು ಗುಸುಗುಸು ಶುರುವಾಯಿತು. ಅಷ್ಟರಲ್ಲಿ ಬೇವಿನ ಹರವಿಯಿಂದ ಇರುವೆಗಳ ಸಾಲೊಂದು ಹೊರಟು, ಪೀಠ ಹತ್ತಿ, ದೇವಿಯ ಭುಜಗಳಿಗೆ ಮುತ್ತಿಕೊಂಡಿತು. ಗುರವ್ವನೇ ಮೊದಲು ಕಂಡವಳು.

“ಯವ್ವಾ, ದೇವೀಗೆ ಬೆಲ್ಲಾ ಹಚ್ಚೀ ಏನ?” ಎಂದಳು, ಊರಿಗೆಲ್ಲ ಕೇಳುವಂತೆ.

ನಾನು ಅತ್ತುಬಿಟ್ಟೆ. ಮಾಡಿದ್ದೆಲ್ಲ ಹೇಳಿದೆ. ಹಗ್ಗ ಕಸಿದುಕೊಳ್ಳುತ್ತಾರೆಂದೇ ತಿಳಿದಿದ್ದೆ. ಊರಿಗೆ ಹಿರಿಯನಾದ ಯಂಕಪ್ಪಜ್ಜ ಹತ್ತಿರ ಬಂದು, ದೇವಿಯ ಭುಜದ ಇರುವೆಗಳನ್ನು ಮೆಲ್ಲಗೆ ಊದಿ, “ಹೋಗೂದೋ ಇರೂದೋ ಅಂತ ಎಷ್ಟ ಕೇಳ್ತೀ ಬಾಳವ್ವಾ? ಆಕಿನೂ ನಮ್ಮ ತೆಪ್ಪದ ಮ್ಯಾಲ ಅದಾಳಲ್ಲ. ನಾವು ಮುಳುಗಿದ್ರ ಆಕಿನೂ ಮುಳುಗ್ತಾಳ. ಹಗ್ಗಾ ಬಿಚ್ಚು” ಎಂದ. ಮೊದಲು ನಕ್ಕವಳು ಗುರವ್ವ, ಆಮೇಲೆ ಊರೆಲ್ಲ ನಕ್ಕಿತು.

ಮರುದಿನ ಬಿಚ್ಚಿದೆ. ಉತ್ತರವೇ ಇಲ್ಲದೆ ಹೊರಟ ಮೊದಲ ಹಗ್ಗದಾಕೆ ನಾನೇ ಇರಬೇಕು. ಒಂಬತ್ತನೆಯ ದಿನ ಎದುರುಗಾಳಿ ಎದ್ದು ನಮ್ಮನ್ನು ಬೋಳುಗುಡ್ಡದ ಬುಡಕ್ಕೆ ತಳ್ಳಿತು. ವಾರಗಟ್ಟಲೆ ಮುಂದೆ ಹೋಗಗೊಡಲಿಲ್ಲ. ದಿನಾ ಬೆಳಿಗ್ಗೆ ದ್ಯಾಮವ್ವನಿಗೆ ನೀರು ಹಾಕುತ್ತ ಬಾಯಿಗೆ ಬಂದಂತೆ ಬೈದಿದ್ದೇನೆ, ಸುಳ್ಳು ಹೇಳುವುದಿಲ್ಲ. ಅಲ್ಲಿಯೇ ಗುರವ್ವನಿಗೆ ದಿನ ತುಂಬುವ ಮುಂಚೆ ಬೇನೆ ಕಾಣಿಸಿಕೊಂಡಿತು. ಅದೇ ಗಾಳಿಗೆ ಸಿಕ್ಕಿ ಅದೇ ಗುಡ್ಡದ ಬುಡದಲ್ಲಿ ಇನ್ನೊಂದು ದೋಣಿ ತಂಗಿತ್ತು. ಯಾರದೋ ಹೆರಿಗೆ ಮುಗಿಸಿ ಪಡುವಣ ಬಾಗಿಗೆ ಮರಳುತ್ತಿದ್ದ ಸೂಲಗಿತ್ತಿ ಸಾಂವಕ್ಕ ಅದರಲ್ಲಿದ್ದಳು. ಕೂಸು ಉಳಿಯಿತು, ತಾಯಿಯೂ ಉಳಿದಳು. ಆಷಾಢದ ಮಳೆಗೆ ನಮ್ಮ ಹಳೆಯ ಗೂಟಗಳು ಕಿತ್ತುಹೋದವು. ನಾನು ಅಷ್ಟು ಆಸೆಪಟ್ಟಿದ್ದ ಪಡುವಣ ಬಾಗಿನ ದಂಡೆಯೂ ಕುಸಿಯಿತು. ಅಲ್ಲಿಂದ ತಪ್ಪಿಸಿಕೊಂಡು ಬಂದ ಹನ್ನೊಂದು ಮನೆಯವರನ್ನು ನಮ್ಮ ಹಗ್ಗಕ್ಕೇ ಕಟ್ಟಿಕೊಂಡೆವು. ಯಾರೂ ಬೇಕೆಂದು ಕೇಳದ ಆ ಗುಡ್ಡದ ಬುಡದಲ್ಲಿ ನಾವೆಲ್ಲ ಒಲೆ ಹೂಡಿ ಕೂತಿದ್ದೆವು. ಆ ಗಾಳಿ ದ್ಯಾಮವ್ವನದೇ ಎಂದು ಬೇರೆಯವರಿಗೆ ಸಾಧಿಸಿ ತೋರಿಸಲು ನನ್ನಿಂದಾಗದು. ನನಗೆ ಅನುಮಾನವಿಲ್ಲ. ಬೈದ ಬಾಯಲ್ಲೇ ಈಗ ದಿನಾ ಹಾಡುತ್ತೇನೆ.

ನಿನ್ನ ಬಗ್ಗೆ ಮನೆಯಲ್ಲಿ ಉಳಿದಿರುವ ಮಾತು ಇಷ್ಟೇ. ಮುಳುಗಡೆಯ ಊರು ಬಿಡುವ ವರ್ಷ, ಹೊಸ ಜಾಗ ಹೇಗೋ ಏನೋ ಎಂದು ಹೆದರಿ, ನೀನೂ ಯುಗಾದಿಯ ದಿನ ಹೂ ಹಚ್ಚಿದ್ದೆಯಂತೆ. ಯಾವ ಎಸಳು ಬಿತ್ತೆಂದು ಯಾರಿಗೂ ನೆನಪಿಲ್ಲ. ಟ್ರ್ಯಾಕ್ಟರಿನಲ್ಲಿ ದೇವಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋದೆ ಎಂಬುದನ್ನು ಮಾತ್ರ ಹನ್ನೆರಡು ತಲೆಮಾರೂ ಮರೆತಿಲ್ಲ. ಅದಕ್ಕಾಗಿಯೇ ಈ ಕಾಗದ, ಆಯಿ. ನೀನು ಅವಳನ್ನು ಅಲ್ಲೇ ಬಿಟ್ಟಿದ್ದರೆ ನಾವು ಯಾರ ಜೊತೆ ತೇಲಬೇಕಿತ್ತು?

ಒಂದೇ ಬೇಡಿಕೆ. ಹೂವಿಗೆ ಬರೀ ನೀರು ಸಾಕು, ಬೆಲ್ಲ ಬೇಡ. ಬಿದ್ದರೂ ಬೀಳದಿದ್ದರೂ ಅವಳನ್ನು ಎತ್ತಿಕೊಂಡು ಹೊರಡು.

ಗುರವ್ವನ ಕೂಸಿಗೆ ನಿನ್ನ ಹೆಸರೇ ಇಟ್ಟಿದ್ದೇವೆ. ನಿನ್ನೆ ಯುಗಾದಿ, ನೀರುಗನ್ನಡಿ ಮತ್ತೆ ಬೆಳ್ಳಗೆ ಕೂತಿತ್ತು. ದ್ಯಾಮವ್ವನಿಗೆ ಎಸಳು ಹಚ್ಚಿ, ಆ ಯಂತ್ರದ ಮುಂದೆ ಹೋಗಿ ನಿಂತಿದ್ದೆ. ಹಿಂದೆ ಏನೋ ಸಪ್ಪಳವಾಯಿತು. ತಿರುಗಿ ನೋಡಿದರೆ ಪುಟ್ಟ ಶಾವಂತ್ರೆವ್ವ ದೇವಿಯ ಎರಡೂ ಭುಜ ಹಿಡಿದುಕೊಂಡು ಮೊದಲ ಸಲ ಎದ್ದು ನಿಂತಿದ್ದಳು. ಎರಡೂ ಎಸಳು ಅವಳ ಮುಷ್ಟಿಯಲ್ಲಿದ್ದವು.

ನಿನ್ನ
ಬಾಳವ್ವ