ಮೊಟ್ಟೆ ಸಾಲು, ಬಾಳೆಹಣ್ಣಿನ ಸಾಲು

ಫೆಬ್ರುವರಿ ಮೂವತ್ತು, 2191

ಫಕೀರವ್ವ ಅಕ್ಕೋರಿಗೆ, ನಿಮ್ಮ ಮರಿಮಗಳ ಮರಿಮಗಳು ಕಳಕವ್ವ ಮಾಡುವ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ತಿಂಗಳುಗಳಿಗೂ ಸಮಾನತೆ ಬಂದಿದೆ, ಎಲ್ಲಕ್ಕೂ ಮೂವತ್ತೇ ದಿನ. ಉಳಿದ ದಿನಗಳನ್ನು ಏನು ಮಾಡಿದರೋ ಕೇಳಬೇಡಿ. ನಾನು ಓದಿದ್ದು ಮೂರನೇ ಇಯತ್ತೆ. ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಇದು ಹಿಂದಂಚೆಯಲ್ಲಿ ಬರುತ್ತಿದೆ, ಅಂದರೆ ಸತ್ತವರು ಬದುಕಿದ್ದ ದಿನಕ್ಕೆ ಹೋಗುವ ಟಪಾಲು. ಮನೆಗೆ ಒಂದೇ ಪತ್ರ. ಹೂತಿಟ್ಟ ಬಂಗಾರ ಎಲ್ಲಿದೆ ಎಂದು ಕೇಳು ಎಂದರು ಬಂಧುಗಳು. ನಾನು ಆ ಒಂದು ಪತ್ರವನ್ನು ನಿಮ್ಮನ್ನು ಬೈಯಲು ಬಳಸುತ್ತಿದ್ದೇನೆ. ನೀವು ಹಿರಿಯರು ನಿಜ, ಆದರೆ ಇದನ್ನು ಓದುವ ನಿಮಗೆ ಮೂವತ್ತೂ ದಾಟಿಲ್ಲ, ಬರೆಯುವ ನನಗೆ ಹಲ್ಲೇ ಉಳಿದಿಲ್ಲ.

ನೀವು ಪಾಠ ಹೇಳುವ ಶಾಲೆಯ ಬಿಸಿಯೂಟಕ್ಕೆ ಮೊಟ್ಟೆ ಬಂದಿದೆ. ತಿನ್ನದವರಿಗೆ ಬಾಳೆಹಣ್ಣು. ಮೊಟ್ಟೆ ತಿನ್ನುವವನ ಪಕ್ಕ ನಮ್ಮ ಮಗು ಕೂರಬಾರದೆಂದು ಇವತ್ತು ಕೆಲವರು ಗೇಟಿನ ಬಳಿ ಕೂಗಾಡಿ ಹೋಗಿದ್ದಾರೆ. ಯಾವ ಮಗುವೂ ಚುಚ್ಚುಮಾತು ಕೇಳುವಂತಾಗದಿರಲಿ ಎಂದು ನಾಳೆ ನೀವು ವರಾಂಡದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆಯುತ್ತೀರಿ. ಮೊಟ್ಟೆಯವರು ಈಚೆ, ಬಾಳೆಹಣ್ಣಿನವರು ಆಚೆ. ಜಗಳ ನಿಲ್ಲುತ್ತದೆ. ನಮ್ಮ ಮನೆಯಲ್ಲಿ ಇನ್ನೂ ಇದನ್ನು ಹೆಮ್ಮೆಯಿಂದ ಹೇಳುತ್ತಾರೆ.

ಒಳ್ಳೆಯತನದಿಂದ ಎಳೆದ ಗೆರೆಯನ್ನು ಅಳಿಸಲು ಯಾರಿಗೂ ಮನಸ್ಸು ಬರುವುದಿಲ್ಲ, ಅಕ್ಕೋರೆ. ಮಳೆಗೆ ಹೋಗದಿರಲೆಂದು ಮುಂದಿನವರು ಬಣ್ಣ ಹಚ್ಚಿದರು. ಆಮೇಲೆ ಕಿವಿ ಕೇಳದವರಿಗೊಂದು ಗೆರೆ, ಮನೆಯಲ್ಲಿ ಲಂಬಾಣಿ ಆಡುವವರಿಗೊಂದು, ನಿಧಾನಕ್ಕೆ ಓದುವವರಿಗೊಂದು. ಎಲ್ಲವೂ ಮಕ್ಕಳ ಹಿತಕ್ಕೇ. ಗೆರೆಯ ಮೇಲೆ ಸಿಮೆಂಟು ಬಂತು, ಸಿಮೆಂಟಿನ ಮೇಲೆ ಗಾಜು ಬಂತು. ಈಗ ನಮ್ಮ ಶಾಲೆಯಲ್ಲಿ ಮಗುವಿಗೊಂದು ಗೂಡು. ಗೂಡೆಂದರೆ ಗಾಜಿನ ಕೋಣೆ. ಒಳಗೆ ಅವರವರ ಊಟ, ಅವರವರ ಭಾಷೆ. ಪಾಠ ಹೇಳುವುದು ಕಿವಿಮೇಷ್ಟ್ರು, ಕಿವಿಯೊಳಗೆ ಕೂರುವ ಜೋಳದ ಕಾಳಿನಷ್ಟು ಯಂತ್ರ. ಇಲ್ಲಿ ಯಾರೂ ಯಾರನ್ನೂ ನೋಯಿಸುವುದಿಲ್ಲ ಎಂದು ಬಾಗಿಲಿಗೆ ಬೋರ್ಡು ಹಾಕಿದ್ದಾರೆ. ಸುಳ್ಳಲ್ಲ. ಸುಡುಗಾಡಿನಲ್ಲೂ ಯಾರೂ ಯಾರನ್ನೂ ನೋಯಿಸುವುದಿಲ್ಲ.

ನನ್ನ ಮೊಮ್ಮಗಳು ಸುಕ್ಕಿಗೆ ಆರು ವರ್ಷ. ಎಡಗಾಲು ಸೊಟ್ಟ, ಬಾಯಿ ನನ್ನದೇ. ಹೋದ ವಾರ ಶಾಲೆಯ ನಲ್ಲಿಯ ಹತ್ತಿರ ಜಾರಿ ಬಿದ್ದಳು. ಸುತ್ತಲೂ ಗೂಡುಗಳಲ್ಲಿ ಮಕ್ಕಳಿದ್ದರು. ಬಾಗಿಲಿಗೆ ಚಿಲಕವಿರಲಿಲ್ಲ, ಆದರೂ ಒಬ್ಬರೂ ಹೊರಗೆ ಬರಲಿಲ್ಲ. ಅವರು ಕೆಟ್ಟವರಲ್ಲ. ಬಿದ್ದವರನ್ನು ಎತ್ತಬೇಕೆಂದು ಅವರಿಗೆ ಹೊಳೆಯಲಿಲ್ಲ, ಅಷ್ಟೇ. ನಾನು ಸುದ್ದಿ ತಿಳಿದು ಓಡುವವರೆಗೆ ಕೂಸು ಕೆಸರಿನಲ್ಲೇ ಇತ್ತು. ಆ ಹುಡುಗಿಯನ್ನಾದರೂ ಕರೆಯಬಾರದಿತ್ತೇನೇ ಎಂದು ಎದುರಿನ ಗೂಡು ತೋರಿಸಿ ಗದರಿದೆ. “ಯಾಕ್ ಕರೀಲಿ ಆಯಿ, ಆಕಿ ನನ್ನ ಗೂಡಿನಾಕಿ ಅಲ್ಲಲ್ಲ” ಎಂದಳು. ಅಳುತ್ತಲೂ ಇರಲಿಲ್ಲ.

ಬಿದ್ದವಳೆಂಬ ಕಾರಣಕ್ಕೆ ಈಗ ಶಾಲೆಯವರು ಅವಳನ್ನು ಒಳಗೂಡಿಗೆ ಹಾಕುತ್ತಾರೆ. ಅಲ್ಲಿ ನೆಲ ಮೆತ್ತಗಿದೆ, ಬಿದ್ದರೂ ಪೆಟ್ಟಾಗುವುದಿಲ್ಲ. ಗಾಜೂ ಇಲ್ಲ, ಬರೀ ಗೋಡೆ. ಒಮ್ಮೆ ಒಳಗೆ ಹೋದ ಮಗು ಇನ್ನೊಂದು ಮಗುವಿನ ಮುಖ ನೋಡುವುದು ದೊಡ್ಡದಾದ ಮೇಲೆಯೇ. ಬೇಡವೆಂದು ಜಗಳವಾಡಿದೆ. ಅಜ್ಜಿಗೆ ಮೊಮ್ಮಗಳ ಹಿತ ಬೇಡವೇ ಎಂದು ಅವರು ಮೆತ್ತಗೆ ಕೇಳಿದರು.

ಅದಕ್ಕೆ ನಿಮ್ಮನ್ನು ಬೇಡುತ್ತೇನೆ. ನಾಳೆ ಮಕ್ಕಳನ್ನು ಕಲಸಿ ಕೂರಿಸಿ. ಮೊಟ್ಟೆ ತಿನ್ನುವವನ ಪಕ್ಕ ಬಾಳೆಹಣ್ಣಿನವಳು, ಅವಳ ಪಕ್ಕ ಕಿವಿ ಕೇಳದವನು. ಒಬ್ಬರನ್ನೊಬ್ಬರು ಹಂಗಿಸುತ್ತಾರೆ, ನಿಜ. ಹಂಗಿಸಿದವನ ಕಿವಿ ಹಿಂಡಿ, ಆದರೆ ಅಲ್ಲೇ ಕೂರಿಸಿ. ಮೇಲಿನಿಂದ ಯಾರಾದರೂ ನಿಮ್ಮನ್ನು ಗದರಿದರೆ ಗದರಿಸಿಕೊಳ್ಳಿ. ಪತ್ರ ಯಾವ ದಿನ ತಲುಪುತ್ತದೆಂದು ಹಿಂದಂಚೆಯವರು ಖಾತ್ರಿ ಕೊಡುವುದಿಲ್ಲ. ಗೆರೆ ಬಿದ್ದ ಮೇಲೆ ಇದು ತಲುಪಿದರೆ, ಮಕ್ಕಳ ಕೈಯಿಂದಲೇ ಒರೆಸಿಸಿ.

ಬೆಳಗಾದರೆ ಸುಕ್ಕಿಯನ್ನು ಒಳಗೂಡಿಗೆ ಬಿಟ್ಟುಬರಬೇಕಾದವಳು ನಾನೇ. ತಡಮಾಡಬೇಡಿ, ಅಕ್ಕೋರೆ.

ಕಳಕವ್ವ